ಹನ್ನೆರಡು ಪಾಲಾದ ದನಿ

ಲಾಸ್ ಆಲ್ಟೋಸ್
12 ಜನವರಿ 2025

ಹಫ್ಸಾ,

ಲಕೋಟೆಯ ಮೇಲಿನ ನನ್ನ ಅಕ್ಷರ ನೋಡಿದಾಗಲೇ ನಿನಗೆ ಮೈಯೆಲ್ಲ ಉರಿದಿರುತ್ತದೆ. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಈಗೇನು ಬಂತು ಎಂದು ಬೇಕಾದಷ್ಟು ಬೈದುಕೋ, ಆಮೇಲೆ ಓದು. ರಾಜಿಗೆಂದು ಬರೆಯುತ್ತಿಲ್ಲ. ನನಗೆ ಭಯವಾಗಿದೆ. ಅದು ಎಂಥ ಭಯವೆಂದು ಅರ್ಥ ಮಾಡಿಕೊಳ್ಳುವವಳು ಈ ಬೇ ಏರಿಯಾದಲ್ಲಿ ನೀನೊಬ್ಬಳೇ.

ನನ್ನ ಬಲಗಿವಿ ಚಿಕ್ಕಂದಿನಲ್ಲೇ ಮಂಗನಬಾವಿಗೆ ಹೋಯಿತೆಂದು ನಿನಗೆ ಗೊತ್ತು. ಬೆಂಗಳೂರಿನ ಹಾಸ್ಟೆಲಿನಿಂದ ಹಿಡಿದು ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನ ತನಕ ನೀನು ಯಾವಾಗಲೂ ನನ್ನ ಎಡಕ್ಕೇ ಕೂರುತ್ತಿದ್ದೆ. ಆ ಎಡಗಿವಿಯೂ ಆರು ವರ್ಷದಿಂದ ಹೋಗುತ್ತಿದೆ. ಮೇಲಿನಿಂದ ಶುರುವಾಯಿತು. ಮೊದಲು ಹಕ್ಕಿಗಳು, ಆಮೇಲೆ ಮೈಕ್ರೋವೇವಿನ ಬೀಪು, ಆಮೇಲೆ ಸ, ಶ, ಚ, ತ. ಈಗ ಜನ ಮಾತಾಡಿದರೆ ಕಂಬಳಿಯೊಳಗೆ ಗೊಣಗಿದ ಹಾಗಿರುತ್ತದೆ. ತುಟಿ ನೋಡಿ ಉಳಿದದ್ದನ್ನು ಊಹಿಸುತ್ತೇನೆ. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಮೀಟಿಂಗುಗಳ ಕೆಳಗೆ ಬರುವ ಅಕ್ಷರಗಳನ್ನು ಓದಿಕೊಂಡು ಹೇಗೋ ಬಚಾವಾಗಿದ್ದೇನೆ. ಕಿವಿಯ ಮೆಷೀನು ಕಾಣಬಾರದೆಂದು ಆರು ವರ್ಷದಿಂದ ಜಡೆ ಹಾಕಿಲ್ಲ.

ನಿನ್ನ ದಾವೂದ್ ಚಾಚಾ ಕಾರ್ಖಾನೆಯ ಟ್ರೈನಿಂಗಿಗೆಂದು ಜರ್ಮನಿಗೆ ಹೋಗಿ ಪೆಟ್ಟಿಗೆ ತುಂಬ ರೆಕಾರ್ಡು ಹೊತ್ತು ತಂದಿದ್ದರಲ್ಲ? ಡ್ಯೂಸೆಲ್ಡಾರ್ಫ್, ಶೆಫೀಲ್ಡ್, ಬ್ರಸೆಲ್ಸ್. ಗಿಟಾರನ್ನು ಮೂಲೆಗೆಸೆದು ಅಗ್ಗದ ಸಿಂಥ್ ಕೀಬೋರ್ಡು ಹಿಡಿದ ಕಾರ್ಖಾನೆ ಊರಿನ ಹುಡುಗರು. ಹಾಸ್ಟೆಲಿನವರೆಲ್ಲ "ಏನೇ ಇದು, ಹಿಟ್ಟಿನ ಗಿರಣಿ ಸದ್ದು!" ಎಂದು ನಗುತ್ತಿದ್ದಾಗ ನಾವಿಬ್ಬರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಆ ರೆಕಾರ್ಡುಗಳಲ್ಲಿ ಈಗ ನನಗೆ ಉಳಿದಿರುವುದು ಬೇಸ್ ಒಂದೇ. ಹಾಡುವವನು ಹೋದ, ಡ್ರಮ್ ಮೆಷೀನಿನ ಚಕ್‌ಚಕ್ ಹೋಯಿತು. ಸಿಂಥಿನ ತಳದ ದಪ್ಪ ಸ್ವರ ಮಾತ್ರ ಇನ್ನೂ ಬಂದು ಎದೆಗೆ ತಾಗುತ್ತದೆ. ದಿನಾ ಆಫೀಸಿನಿಂದ ಬಂದು ಅದನ್ನೇ ಅರ್ಧ ಗಂಟೆ ಕೇಳುತ್ತೇನೆ.

ಏಪ್ರಿಲ್ 21ಕ್ಕೆ ಆಪರೇಷನ್. ಎಡಗಿವಿಯ ಒಳಗಿನ ಶಂಖಕ್ಕೆ ಹನ್ನೆರಡು ಎಲೆಕ್ಟ್ರೋಡುಗಳ ಒಂದು ಎಳೆ ತೂರಿಸುತ್ತಾರೆ. ಮಾತು ಮತ್ತೆ ಸಿಗಬಹುದು. ಆದರೆ ಉಳಿದಿರುವ ಬೇಸೂ ಹೋಗಬಹುದು, ಹೋದರೆ ವಾಪಸ್ಸಿಲ್ಲ. "ಮೊದಮೊದಲು ರೋಬೋಟುಗಳು ಮಾತಾಡಿದ ಹಾಗಿರುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ" ಎಂದು ಡಾಕ್ಟರು ನಗುನಗುತ್ತಲೇ ಹೇಳಿದರು. ದನಿ ಒಡೆದು ಜೋಡಿಸುವ ಯಂತ್ರಗಳ ನಡುವೆಯೇ ಕೂತಿರುವವಳು ನೀನು. ಹನ್ನೆರಡು ತುಂಡಾದರೆ ನನ್ನ ಮಗಳ ದನಿ ಹೇಗಿರುತ್ತದೆ? ಅಷ್ಟು ಹೇಳು, ಸಾಕು.

ಫೋನ್ ಮಾಡಬೇಡ, ಕೇಳಿಸುವುದಿಲ್ಲ. ಮೆಸೇಜೂ ಬೇಡ. ಎಲ್ಲವೂ ಅಡುಗೆಮನೆಯ ಐಪ್ಯಾಡಿನಲ್ಲಿ ಬಂದು ಕೂರುತ್ತವೆ, ಅನಘಾ ನೋಡುತ್ತಾಳೆ. ಗುರುಪ್ರಸಾದರಿಗೆ ಎಲ್ಲ ಗೊತ್ತು, ಮಗಳಿಗೆ ಹೇಳಕೂಡದೆಂದು ಆಣೆ ಹಾಕಿಸಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಕಾಗದವೇ ಕ್ಷೇಮ.

ನಿನ್ನ ಉತ್ತರ ಬರದಿದ್ದರೂ ತಪ್ಪು ತಿಳಿಯದ,
ವಿಜಯಶ್ರೀ

*

ಯೂನಿಯನ್ ಸಿಟಿ
27 ಜನವರಿ 2025

ವಿಜಿ,

ನಿನ್ನ ಲಕೋಟೆ ನಾಲ್ಕು ದಿನ ಗ್ಯಾರೇಜಿನ ಬೆಂಚಿನ ಮೇಲೆ ಬಿದ್ದಿತ್ತು. ನಮ್ಮ ಮನೆಯವರು, ಕಲೀಮ್, ದಿನಾ ಬಂದು "ಒಡೆಯೇ, ಒಳಗೇನು ಹಾವು ಇಟ್ಟಿರ್ತಾಳಾ?" ಎಂದು ಕಾಡಿದರು. ಒಡೆದೆ, ಓದಿದೆ.

ಮೊದಲು ಸಿಟ್ಟು ಮುಗಿಸುತ್ತೇನೆ, ಇಲ್ಲದಿದ್ದರೆ ಗಂಟಲಲ್ಲೇ ಉಳಿಯುತ್ತದೆ. ಕುಪರ್ಟಿನೋದ ಫ್ಲೀ ಮಾರ್ಕೆಟ್ಟಿನಲ್ಲಿ ನಾವಿಬ್ಬರು ಕೊಂಡ ಆ ಇಟಲಿಯ ಸಿಂಥ್‌ಗೆ ಒಂದು ರೋಗವಿತ್ತು. ಆನ್ ಮಾಡಿ ಅರ್ಧ ಗಂಟೆ ಕಳೆದು ಬಿಸಿಯಾದ ಮೇಲೆ ಅದರೊಳಗೆ ಒಟ್ಟಿಗೆ ನುಡಿಯುವ ಎರಡು ಸ್ವರಗಳಲ್ಲಿ ಒಂದು ನಿಧಾನ ಕೆಳಗೆ ಜಾರುತ್ತಿತ್ತು. ಹಾಲು ಒಡೆಯುತ್ತದಲ್ಲ, ಹಾಗೆ. ಆ ಜಾರುವುದರ ಮೇಲೆಯೇ ನಾನು ಹನ್ನೊಂದು ಹಾಡು ಕಟ್ಟಿದ್ದೆ, ಇನ್ನೊಂದು ಬಾಕಿಯಿತ್ತು. ನನ್ನ ನಲವತ್ತೆರಡನೇ ಹುಟ್ಟುಹಬ್ಬಕ್ಕೆ ನೀನು ಗುಟ್ಟಾಗಿ ಅದನ್ನು ಹೊತ್ತೊಯ್ದು, ಯಾರೋ ರಿಪೇರಿಯವನ ಕೈಲಿ ಸರಿ ಮಾಡಿಸಿ, ಮೇಲೊಂದು ರಿಬ್ಬನ್ ಕಟ್ಟಿ ತಂದೆ. ಒಂದು ಚೂರೂ ಜಾರುತ್ತಿರಲಿಲ್ಲ. "ಈಗ ಪರ್ಫೆಕ್ಟ್ ಆತ್ ನೋಡು" ಎಂದು ನಕ್ಕೆಯಲ್ಲ, ಆ ನಗು ನೆನೆದರೆ ಈಗಲೂ ಕೈ ತುರಿಸುತ್ತದೆ ನನಗೆ. ಒಂದು ಮಾತು ಕೇಳಬಾರದಿತ್ತೇನೇ?

ಮುಗಿಯಿತು. ಈಗ ನಿನ್ನ ಪ್ರಶ್ನೆ.

ನಿನ್ನ ಕಿವಿಗೆ ಹಾಕುತ್ತಾರಲ್ಲ, ಅದು ವೋಕೋಡರ್. ಹೆದರಿಸಲು ಹೇಳುತ್ತಿಲ್ಲ, ಲೆಕ್ಕ ಅದೇ. ಮಾತನ್ನು ಎತ್ತರ ತಗ್ಗಿನ ಪ್ರಕಾರ ಹನ್ನೆರಡು ಪಾಲು ಮಾಡಿ, ಯಾವ ಪಾಲಿನಲ್ಲಿ ಎಷ್ಟು ಬಲವಿದೆ ಎಂದಷ್ಟೇ ಅಳೆದು ಮುಂದೆ ದಾಟಿಸುತ್ತದೆ. ಫೋನಿನ ತಂತಿಯಲ್ಲಿ ಮಾತನ್ನು ಹಿಂಡಿ ಕಳಿಸಲೆಂದು ಹುಟ್ಟಿದ ಯಂತ್ರ. ಆಮೇಲೆ ನಮ್ಮ ಜರ್ಮನಿಯ ಹುಡುಗರ ಕೈಗೆ ಸಿಕ್ಕಿ ಹಾಡಿತು. ಆ ಯಂತ್ರದ ದನಿಗೆ ನಾವು ಹಾಸ್ಟೆಲಿನ ಟೆರೇಸಿನಲ್ಲಿ ಕುಣಿದಿದ್ದೇವೆ ಕಣೇ. ಮಾತು ತಿಳಿಯುತ್ತದೆ. ಯಾರ ಮಾತೆಂದು ತಿಳಿಯುವುದು ಕಷ್ಟ. ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಬರುವುದಿಲ್ಲ.

ನನಗೆ ಅರ್ಥವಾಗದ್ದು ಬೇರೆ. ಹದಿನೇಳರ ಮಗಳಿಗೆ ಹೇಳದೆ ತಲೆ ಕೊರೆಸಿಕೊಳ್ಳಲು ಹೊರಟಿದ್ದೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೀಯ?

ಇನ್ನೂ ಪೂರ್ತಿ ತಣ್ಣಗಾಗದ,
ಹಫ್ಸಾ

*

ಲಾಸ್ ಆಲ್ಟೋಸ್
9 ಫೆಬ್ರವರಿ 2025

ಹಫ್ಸಾ,

ನಿನ್ನ ಬೈಗುಳ ಓದಿ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ಯಾಕೆ ಹೇಳಿಲ್ಲ ಎಂದು ಕೇಳಿದ್ದೀಯ. ಇದನ್ನು ಗುರುಪ್ರಸಾದರಿಗೂ ಹೇಳಿಲ್ಲ.

ಕಳೆದ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅನಘಾ ಸ್ನಾನಕ್ಕೆ ಹೋದವಳು ಜಾರಿ ಬಿದ್ದಿದ್ದಳು. ಕಾಲು ಮಡಚಿಕೊಂಡು ಏಳಲಾಗದೆ ಕೂಗಿದ್ದಾಳೆ. ನಲವತ್ತು ನಿಮಿಷ ಕೂಗಿದ್ದಾಳೆ. ನಾನು ಗೋಡೆಯ ಈಚೆ ಕೂತು ಸ್ಕ್ರೀನಿನಲ್ಲಿ ಯಾರದೋ ಮಾತು ಓದುತ್ತಿದ್ದೆ. ಕಡೆಗೆ ಅವಳೇ ತೆವಳಿಕೊಂಡು ಟವೆಲ್ ಸುತ್ತಿ ಬಾಗಿಲಿಗೆ ಬಂದಳು. ಮುಖ ಬಿಳುಚಿಹೋಗಿತ್ತು. "ನಾನು ಕೂಗ್ತಾನೇ ಇದ್ದೆ" ಎಂದಳು, ತುಟಿಯಿಂದ ತಿಳಿಯಿತು. ನಾನು ಏನು ಹೇಳಿದೆ ಗೊತ್ತೇ? "ಮೀಟಿಂಗು ಇತ್ತು ಪುಟ್ಟಾ, ಇಂಪಾರ್ಟೆಂಟ್ ಇತ್ತು" ಎಂದೆ.

ಕಿವುಡಿ ಎಂದು ತಿಳಿಯುವುದಕ್ಕಿಂತ ಕಟುಕಿ ಎಂದು ತಿಳಿಯಲಿ ಎನ್ನಿಸಿಬಿಟ್ಟಿತು ಆ ಕ್ಷಣಕ್ಕೆ. ಅಂದಿನಿಂದ ಅವಳು ನನ್ನ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ಏನಾದರೂ ಬೇಕಾದರೆ ಅಪ್ಪನಿಗೆ ಹೇಳುತ್ತಾಳೆ, ಅವರು ವಾರದಲ್ಲಿ ನಾಲ್ಕು ದಿನ ಸಿಯಾಟಲ್ಲಿನಲ್ಲಿದ್ದರೂ ಸರಿ.

ನಮ್ಮ ಅಪ್ಪನನ್ನು ನೀನು ನೋಡಿಲ್ಲ. ಹುಬ್ಬಳ್ಳಿಯಲ್ಲಿ ವಕೀಲರು, ಬಸವಂತಪ್ಪ ಎಂದರೆ ಕೋರ್ಟು ನಡುಗುತ್ತಿತ್ತು. ನಲವತ್ತೈದಕ್ಕೆ ಕಿವಿ ಹೋಯಿತು, ಅವರ ತಾಯಿಗೂ ಅದೇ ವಯಸ್ಸಿಗೆ ಹೋಗಿತ್ತು. ಯಾರಿಗೂ ಹೇಳಲಿಲ್ಲ. ಜನ ಏನು ಕೇಳಿದರೂ ಊಹಿಸಿ ತಲೆಯಾಡಿಸುತ್ತಿದ್ದರು. ಅವ್ವ ತೀರಿಕೊಂಡ ಮೂರನೇ ದಿನ ವಿರುಪಾಕ್ಷಪ್ಪ ಎಂಬ ಅವರ ಹಳೆಯ ಕಕ್ಷಿದಾರರೊಬ್ಬರು ಬಂದು ಕೈ ಹಿಡಿದು, "ಅಕ್ಕಾರು ಹೋಗಿಬಿಟ್ರಂತಲ್ರಿ" ಎಂದರು. ಅಪ್ಪ ಊಟದ ವಿಷಯ ಎಂದುಕೊಂಡು ನಕ್ಕು, "ಹೌದ್ರಿ, ಎಲ್ಲಾ ಭಾಳ ಛಲೋ ಆತು" ಎಂದರು. ಪಡಸಾಲೆ ತುಂಬ ಜನ. ಯಾರೂ ನಗಲಿಲ್ಲ. ಅಪ್ಪ ಎಲ್ಲರ ಮುಖವನ್ನೂ ನೋಡುತ್ತ ಇನ್ನೂ ನಗುತ್ತಲೇ ಇದ್ದರು.

ಅಜ್ಜಿ, ಅಪ್ಪ, ನಾನು. ಮುಂದೆ ಯಾರೆಂದು ಎಣಿಸಲು ನಿನಗೆ ಎಂಜಿನಿಯರಿಂಗ್ ಬೇಕಿಲ್ಲ. ಅನಘಾ ಸ್ಕೂಲಿನಲ್ಲಿ ಒಂದು ಬ್ಯಾಂಡು ಕಟ್ಟಿದ್ದಾಳೆ, ಸಿಂಥ್ ಬಾರಿಸುತ್ತಾಳೆ. ನಮ್ಮವೇ ಹಳೆಯ ರೆಕಾರ್ಡುಗಳನ್ನು ಹುಡುಕಿ ತೆಗೆದಿದ್ದಾಳೆ, ನಾನು ಕಲಿಸಿದ್ದಲ್ಲ. ಅವಳ ರೂಮಿನಿಂದ ಬೇಸ್ ನೆಲದೊಳಗೆ ಹರಿದು ಬಂದು ನನ್ನ ಪಾದಕ್ಕೆ ಗೊತ್ತಾಗುತ್ತದೆ. ನನ್ನ ಕಿವಿಯ ಕಥೆ ಹೇಳಿದರೆ ಅವಳ ಕಿವಿಯ ಕಥೆಯನ್ನೂ ಹೇಳಿದಂತೆ. ಹೇಗೆ ಹೇಳಲಿ? ನನಗೆ ಆ ಧೈರ್ಯವಿಲ್ಲ.

ಸ್ಪ್ರಿಂಗ್ ಬ್ರೇಕಿನಲ್ಲಿ ಅವಳು ಫ್ರೆಂಡ್ಸ್ ಜೊತೆ ಕಾಲೇಜುಗಳನ್ನು ನೋಡಲು ಹೋಗುತ್ತಾಳೆ. ಆಗಲೇ ಮುಗಿಸಿಬಿಡುತ್ತೇನೆ.

ವಿಜಿ

*

ಯೂನಿಯನ್ ಸಿಟಿ
2 ಮಾರ್ಚ್ 2025

ವಿಜಿ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಪೆನ್ನು ಹಿಡಿದರೆ ಬರೀ ಬೈಗುಳವೇ ಬರುತ್ತಿತ್ತು, ಹರಿದು ಹಾಕಿದೆ. ಬರೆಯುವುದು ನನ್ನ ಕೆಲಸವಲ್ಲ, ಬೆಂಚಿನ ಮುಂದೆ ಕೂತೆ.

ಇದರ ಜೊತೆಗಿರುವ ಕ್ಯಾಸೆಟ್ಟು ನೋಡು. ಅನಘಾ ಆರು ವರ್ಷದವಳಿದ್ದಾಗ ನಮ್ಮ ಗ್ಯಾರೇಜಿಗೆ ಬಂದು, ಸಿಕ್ಕ ಸಿಕ್ಕ ಗುಂಡಿ ತಿರುಗಿಸಿ, ಮೈಕ್ ಹಿಡಿದು ಕೂಗಾಡಿದ್ದಳು. ಆ ಟೇಪು ಎಸೆದಿರಲಿಲ್ಲ. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಅವಳ ಮೇಲೇನು ಸಿಟ್ಟು? ಆ ದನಿಯನ್ನು ನನ್ನ ಹಳೆಯ ವೋಕೋಡರಿಗೆ ಹಾಕಿ, ಸರಿಯಾಗಿ ಹನ್ನೆರಡು ಪಾಲು ಮಾಡಿ, ತಿರುಗಿ ಜೋಡಿಸಿದ್ದೇನೆ. ಮೊದಲಿಗೆ ನಾನೇ ಮಾತಾಡಿ ಯಾವುದು ಏನೆಂದು ಹೇಳಿದ್ದೇನೆ, ಆಮೇಲೆ ಅವಳು ಬರುತ್ತಾಳೆ. ಏಪ್ರಿಲ್ ಆದ ಮೇಲೆ ನಿನಗೆ ಕೇಳಿಸುವುದು ಹೆಚ್ಚುಕಡಿಮೆ ಹೀಗಿರುತ್ತದೆ. ಮುಂಚೆಯೇ ಕೇಳಿಟ್ಟುಕೊಂಡರೆ ಅಂದು ಎದೆ ಒಡೆಯುವುದಿಲ್ಲ ಎಂದು ನನ್ನ ಲೆಕ್ಕ.

ನಿಜ ಹೇಳಲೇ? ಮೂವತ್ತು ವರ್ಷ ಆ ಯಂತ್ರದ ದನಿಯನ್ನು ಪ್ರೀತಿಸಿದವಳು ನಾನು. ಒಂದು ಮಗುವಿನ ನಗುವನ್ನು ಅದರೊಳಗೆ ಹಾಕಿ, ಆ ಕಡೆಯಿಂದ ಬಂದದ್ದನ್ನು ಕೇಳಿದಾಗ ಸ್ವಿಚ್ ಆರಿಸಿ ಹೊರಗೆ ಹೋಗಿ ನಿಂತುಬಿಟ್ಟೆ. ಹಾಗಂತ ಕಳಿಸದೇ ಇರಲೂ ಮನಸ್ಸಾಗಲಿಲ್ಲ. ಒಬ್ಬಳೇ ಇದ್ದಾಗ ಕೇಳು.

ಹಫ್ಸಾ

*

ಲಾಸ್ ಆಲ್ಟೋಸ್
13 ಮಾರ್ಚ್ 2025

ಹಫ್ಸಾ,

ಕೇಳಿದೆ. ಏನೂ ಕೇಳಿಸಲಿಲ್ಲ.

ಹಳೆಯ ಡೆಕ್ಕಿಗೆ ಹಾಕಿ, ಹೆಡ್‌ಫೋನಿನ ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದೆ. ಧಬ್, ಧಬ್ ಎಂದು ಏನೋ ದೂರದಲ್ಲಿ ಗೋಣಿಚೀಲ ಬಿದ್ದ ಹಾಗೆ. ಮೂರು ಸಲ ತಿರುಗಿಸಿ ಹಾಕಿದೆ. ಆಮೇಲೆ ಹೊಳೆಯಿತು, ನಮ್ಮಿಬ್ಬರ ಬುದ್ಧಿಗೆ ಏನು ಹೇಳಬೇಕು! ನಿನ್ನ ಹನ್ನೆರಡು ಪಾಲಿನಲ್ಲಿ ಹತ್ತು ಪಾಲು ನನಗೆ ಈಗಾಗಲೇ ಕೇಳಿಸದ ಎತ್ತರದಲ್ಲಿವೆ. ಇಬ್ಬರು ಎಂಜಿನಿಯರುಗಳು ಸೇರಿ ಕಿವುಡಿಗೆ ಕ್ಯಾಸೆಟ್ಟು ಕಳಿಸಿ, ಹಾಕಿಕೊಂಡು ಕೂತಿದ್ದೇವೆ.

ನಗು ಬರಬೇಕಿತ್ತು, ಬರಲಿಲ್ಲ. ಆರು ವರ್ಷದ ಅನಘಾಳ ದನಿ ಆ ಟೇಪಿನಲ್ಲಿದೆ, ಸುತ್ತುತ್ತಿದೆ, ನನಗೆ ಕಾಣುತ್ತಿದೆ. ನನಗೆ ಸಿಗುತ್ತಿಲ್ಲ. ಅವಳ ಈಗಿನ ದನಿ ಹೇಗಿದೆ ಎಂದೂ ನನಗೆ ಗೊತ್ತಿಲ್ಲ ಹಫ್ಸಾ. ಹನ್ನೊಂದರವಳಿದ್ದಾಗಿನ ದನಿಯನ್ನೇ ಅವಳ ಈಗಿನ ತುಟಿಗೆ ಅಂಟಿಸಿಕೊಂಡು ನೋಡುತ್ತಿದ್ದೇನೆ.

ಆಪರೇಷನ್ ಬೇಡ ಎಂದು ಫೋನ್ ಮಾಡಿಸಿಬಿಡಲೇ ಎನ್ನಿಸುತ್ತದೆ. ಬೇಸ್ ಒಂದಾದರೂ ಇದೆಯಲ್ಲ. ಇರುವುದನ್ನು ಕೊಟ್ಟು ಬರದೇ ಇದ್ದರೆ ಏನು ಮಾಡಲಿ?

ವಿಜಿ

*

ಲಾಸ್ ಆಲ್ಟೋಸ್
18 ಮಾರ್ಚ್ 2025

ಹಫ್ಸಾ,

ನಿನ್ನ ಉತ್ತರಕ್ಕೆ ಕಾಯದೆ ಮತ್ತೆ ಬರೆಯುತ್ತಿದ್ದೇನೆ.

ಕ್ಯಾಸೆಟ್ಟನ್ನು ಡೆಕ್ಕಿನಲ್ಲೇ ಬಿಟ್ಟಿದ್ದೆ. ಪತ್ರಗಳನ್ನೆಲ್ಲ ಕಪಾಟಿನಲ್ಲಿ ಸೀರೆಯ ಕೆಳಗೆ ಬಚ್ಚಿಟ್ಟವಳು ಕ್ಯಾಸೆಟ್ಟನ್ನು ಮರೆತೆ. ಸದ್ದು ಬರುವ ವಸ್ತು ಎಂದೇ ತಲೆಗೆ ಬರಲಿಲ್ಲ, ನನಗೆ ಕೇಳಿಸಿರಲಿಲ್ಲವಲ್ಲ. ನಿನ್ನೆ ಗ್ರೋಸರಿ ತೆಗೆದುಕೊಂಡು ಒಳಗೆ ಬಂದರೆ ಅನಘಾ ಲಿವಿಂಗ್ ರೂಮಿನ ನೆಲದ ಮೇಲೆ ಡೆಕ್ಕಿನ ಮುಂದೆ ಕೂತಿದ್ದಳು. ಬ್ಯಾಂಡಿಗೆ ಏನಾದರೂ ಸಿಗಬಹುದು ಎಂದು ಹಾಕಿದಳಂತೆ. ನಿನ್ನ ಮಾತು ಕೇಳಿದ್ದಾಳೆ. "ವಿಜಿ, ನಿನ್ನ ಕಿವಿಗೆ ಹನ್ನೆರಡು ಎಲೆಕ್ಟ್ರೋಡು ಹಾಕಿದ ಮೇಲೆ ಅನಘಾ ಹೀಗೆ ಕೇಳಿಸ್ತಾಳೆ" ಎಂದಿದ್ದೀಯಂತೆ. ಕನ್ನಡ ಓದಲು ಬಾರದ ಹುಡುಗಿಗೆ ಅಷ್ಟು ಕನ್ನಡ ಅರ್ಥವಾಗುವುದಿಲ್ಲವೇ? ಆಮೇಲೆ ಅವಳದೇ ಮಗುವಿನ ದನಿ, ಯಂತ್ರದ ಬಾಯಿಂದ.

ಅವಳು ಬೇಗ ಬೇಗ ಏನೋ ಹೇಳಿದಳು, ನನಗೆ ತುಟಿ ಹಿಡಿಯಲಾಗಲಿಲ್ಲ. ಅಭ್ಯಾಸದಂತೆ ತಲೆಯಾಡಿಸಿದೆ. ನೋಡಿದಳು. ಫೋನ್ ತೆಗೆದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ನನ್ನ ಮುಖಕ್ಕೆ ಹಿಡಿದಳು: ನಾನು ಬಿದ್ದ ದಿನ ನಿನಗೆ ಕೇಳಿಸಿರಲಿಲ್ಲವಾ?

"ಇಲ್ಲ" ಎಂದೆ.

ಮತ್ತೆ ಟೈಪ್ ಮಾಡಿದಳು: ನಾಲ್ಕು ತಿಂಗಳು ನಾನು ನಿನ್ನನ್ನು ದ್ವೇಷಿಸಿದೆ. ನೀನು ದ್ವೇಷಿಸಲು ಬಿಟ್ಟೆ.

ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು, ಗೋಡೆ ಅದುರಿದ್ದರಿಂದ ತಿಳಿಯಿತು. ಒಂದು ಗಂಟೆಯ ಮೇಲೆ ಹೊರಗೆ ಬಂದು, ನನ್ನ ಎದುರು ಬೆಳಕಿರುವ ಕಡೆ ಕುರ್ಚಿ ಎಳೆದುಕೊಂಡು ಕೂತು, ನಿಧಾನವಾಗಿ ತುಟಿ ಬಿಡಿಸಿ, "ಆಪರೇಷನ್ ದಿನ ನಾನು ಇರ್ತೀನಿ, ಟ್ರಿಪ್ ಕ್ಯಾನ್ಸಲ್" ಎಂದಳು.

ಹೇಗಾಯಿತು, ಯಾವಾಗಿನಿಂದ ಎಂದೆಲ್ಲ ಕೇಳಿದಳು. ಹೇಳಿದೆ. ಯಾಕಾಯಿತು ಎಂದಾಗ ಮಾತ್ರ ಮಂಗನಬಾವು ಎಂದೆ. ಅದು ಬಲಗಿವಿಯದ್ದು, ಎಡಗಿವಿಯದ್ದಲ್ಲ. ಅಪ್ಪನ ಹೆಸರು, ಅಜ್ಜಿಯ ಹೆಸರು ಬಾಯಿಗೆ ಬರಲಿಲ್ಲ. ಎಲ್ಲ ಬಯಲಾದ ದಿನವೇ ಮತ್ತೊಂದು ಸುಳ್ಳು ಹೇಳಿ ಕೂತಿದ್ದೇನೆ.

ವಿಜಿ

*

ಯೂನಿಯನ್ ಸಿಟಿ
24 ಮಾರ್ಚ್ 2025

ವಿಜಿ,

ನನ್ನ ತಲೆಗೆ ಹೊಡಿ. ಕೇಳಿಸದವಳಿಗೆ ಟೇಪು ಕಳಿಸಿ, ಕೇಳಬಾರದವಳಿಗೆ ಕೇಳಿಸಿದೆ. ಸಹಾಯ ಮಾಡಲು ಹೋಗಿ ಕೆಲಸ ಕೆಡಿಸಿದೆಯೆಂದು ನಿನ್ನನ್ನು ಒಂಬತ್ತು ವರ್ಷ ಬೈದೆನಲ್ಲ, ಈಗ ನನ್ನನ್ನು ಯಾರು ಬೈಯಬೇಕು?

ಆ ಇಟಲಿಯ ಸಿಂಥ್‌ನ ವಿಷಯ ನಿನಗೆ ಹೇಳದ್ದೊಂದಿದೆ. ನೀನು ಹೋದ ಮೇಲೆ ರಿಪೇರಿ ಕೆಲಸ ಕಲಿತದ್ದೇ ಅದನ್ನು ಮತ್ತೆ ಕೆಡಿಸಲೆಂದು. ಕೆಪಾಸಿಟರ್ ಬದಲಿಸಿದೆ, ಹಳೆಯ ಚಿಪ್ಪು ತರಿಸಿದೆ, ಹೇರ್ ಡ್ರೈಯರಿನಿಂದ ಕಾಯಿಸಿದೆ. ಜಾರುತ್ತದೆ, ಆದರೆ ಆ ಹಳೆಯ ಜಾರು ಬರಲಿಲ್ಲ. ಮೂರು ವರ್ಷದ ಮೇಲೆ ಬಿಟ್ಟೆ. ಹನ್ನೆರಡನೇ ಹಾಡನ್ನು ಈಗಿರುವ ಯಂತ್ರದಲ್ಲೇ ಮುಗಿಸಿದೆ. ಅದು ಬೇರೆಯದೇ ಹಾಡಾಯಿತು. ಚೆನ್ನಾಗಿಯೇ ಇದೆ, ನಿನ್ನ ಮೇಲಿನ ಹಟಕ್ಕೆ ಅದನ್ನು ಯಾರಿಗೂ ಕೇಳಿಸಲಿಲ್ಲ. ಆಪರೇಷನ್ ಮಾಡಿಸಿಕೋ ಎಂದಾಗಲಿ ಬೇಡ ಎಂದಾಗಲಿ ಹೇಳುವ ಯೋಗ್ಯತೆ ನನಗಿಲ್ಲ. ಅದು ನಿನ್ನ ಕಿವಿ, ನಿನ್ನ ಮಗಳು.

ಆದರೆ ಎಡಗಿವಿಯ ಸತ್ಯ ಅವಳಿಗೆ ಹೇಳು. ಇಂಥದ್ದು ಬಹಳ ದಿನ ಅಡಗಿಕೊಂಡು ಕೂರುವುದಿಲ್ಲ, ಆಸ್ಪತ್ರೆಯವರು ಎಲ್ಲವನ್ನೂ ಫಾರಂನಲ್ಲಿ ಕೇಳುತ್ತಾರೆ.

ಏಪ್ರಿಲ್ 19 ಶನಿವಾರ ಮಧ್ಯಾಹ್ನ ಬಾ. ಬೇಸ್ ಇನ್ನೂ ಇದೆ ಎಂದೆಯಲ್ಲ. ಗ್ಯಾರೇಜಿನಲ್ಲಿ ಹದಿನೆಂಟು ಇಂಚಿನ ಸ್ಪೀಕರ್ ಇದೆ. ಪಕ್ಕದ ಮನೆಯವರು ಬೈದರೆ ಕಲೀಮ್ ಸಂಭಾಳಿಸುತ್ತಾರೆ. ನೀನೇ ಗುಂಡಿ ತಿರುಗಿಸು.

ಹಫ್ಸಾ

*

ಲಾಸ್ ಆಲ್ಟೋಸ್
20 ಏಪ್ರಿಲ್ 2025

ಹಫ್ಸಾ,

ನಿನ್ನೆ ನೀನು ಬಾಗಿಲು ತೆಗೆದಾಗ ಏನೋ ಅಂದೆ. ಮುಖ ಪಕ್ಕಕ್ಕೆ ತಿರುಗಿತ್ತು, ತಿಳಿಯಲಿಲ್ಲ. ಬೈದಿದ್ದೆಯೋ ಏನೋ. ಬೈದಿದ್ದರೆ ಒಳ್ಳೆಯದೇ ಆಯಿತು.

ಸ್ಪೀಕರಿನ ಮುಂದೆ ನೆಲದ ಮೇಲೆ ಬೆನ್ನು ಹಚ್ಚಿ ಕೂತು ಎರಡು ಗಂಟೆ ಕೇಳಿದೆ. ಮುದುಕಿಯರಿಬ್ಬರು ಕಾರ್ಖಾನೆಯ ಸದ್ದಿಗೆ ತಲೆದೂಗುವುದನ್ನು ಕಲೀಮ್ ಫೋಟೋ ತೆಗೆದರಲ್ಲ, ಅದನ್ನು ಯಾರಿಗೂ ತೋರಿಸಬೇಡ. ನಿನ್ನ ಹನ್ನೆರಡನೇ ಹಾಡಿನ ತಳದ ಸ್ವರ ಕೇಳಿಸಿತು, ಮೇಲಿನದು ಕೇಳಿಸಲಿಲ್ಲ. ಹೊರಡುವಾಗ ಫ್ರೀವೇಯಲ್ಲಿ ಕಾರಿನ ಚಕ್ರ ಗುಂಯ್ ಎನ್ನುವುದನ್ನೂ ಗಮನವಿಟ್ಟು ಕೇಳಿದೆ.

ನಾಳೆ ಬೆಳಿಗ್ಗೆ ಆರಕ್ಕೆ ಬರಹೇಳಿದ್ದಾರೆ. ಫಾರಂನಲ್ಲಿ "ಕುಟುಂಬದಲ್ಲಿ ಯಾರಿಗಾದರೂ" ಎಂಬಲ್ಲಿ ತಂದೆ, ತಂದೆಯ ತಾಯಿ ಎಂದು ಬರೆದಿದ್ದೇನೆ. ಅನಘಾಳಿಗೆ ಹೇಳಿಲ್ಲ. ಇಡೀ ದಿನ ಹೇಳಬೇಕೆಂದು ಅವಳ ಹಿಂದೆ ಹಿಂದೆ ತಿರುಗಿದೆ. "ಏನಮ್ಮಾ?" ಎಂದಾಗಲೆಲ್ಲ "ಊಟ ಮಾಡಿದ್ಯಾ?" ಎಂದೆ. ನಾಲ್ಕು ಸಲ ಕೇಳಿದ್ದಕ್ಕೆ ನಕ್ಕಳು. ಬಹಳ ಭಯವಾಗುತ್ತಿದೆ ಹಫ್ಸಾ.

ವಿಜಿ

*

ಲಾಸ್ ಆಲ್ಟೋಸ್
6 ಜುಲೈ 2025

ಹಫ್ಸಾ,

ನಿನ್ನ ಮೂರು ಕಾರ್ಡಿಗೂ ಉತ್ತರ ಕೊಡಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ.

ಬೇಸ್ ಹೋಯಿತು. ಎಚ್ಚರವಾದ ದಿನವೇ ಗೊತ್ತಾಯಿತು. ಫ್ರಿಡ್ಜಿಗೆ ಕಿವಿ ಹಚ್ಚಿದರೆ ಬರೀ ತಣ್ಣಗೆ, ಸದ್ದಿಲ್ಲ. ನಾಲ್ಕು ವಾರ ಆ ನಿಶ್ಶಬ್ದದಲ್ಲಿ ಕಳೆದೆ. ಆ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಮೇ 19ಕ್ಕೆ ಕಿವಿಯ ಹಿಂದೆ ಯಂತ್ರ ಹಚ್ಚಿ ಆನ್ ಮಾಡಿದರು. ಮೊದಲು ಒಂದೊಂದೇ ಎಲೆಕ್ಟ್ರೋಡಿಗೆ ಒಂದೊಂದು ಬೀಪು. ಒಂದು ಸಿಂಥ್‌ನ ಹನ್ನೆರಡು ಕೀಗಳನ್ನು ಯಾರೋ ಬೆರಳಿನಿಂದ ಒತ್ತಿದ ಹಾಗೆ. ಅಷ್ಟಕ್ಕೆ ಖುಷಿಯಾಗಿತ್ತು. ಆಮೇಲೆ ಎಲ್ಲರೂ ಮಾತಾಡಿದರು. ಡಬ್ಬದೊಳಗೆ ಮೊಳೆ ತುಂಬಿ ಅಲ್ಲಾಡಿಸಿದಂತೆ. ಡಾಕ್ಟರು, ಗುರುಪ್ರಸಾದರು, ಅನಘಾ, ಕೊಠಡಿಯ ಬಾಗಿಲು, ಎಲ್ಲ ಒಂದೇ. ಅನಘಾ ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. ಮನೆಗೆ ಬಂದು ಯಂತ್ರ ಕಿತ್ತು ಡ್ರಾಯರಿಗೆ ಎಸೆದೆ. ನಿನ್ನನ್ನೂ, ಡಾಕ್ಟರನ್ನೂ, ನನ್ನನ್ನೂ ಬೈದುಕೊಂಡೆ. ಮಾರನೇ ದಿನ ಅವಳೇ ಅದನ್ನು ತೆಗೆದು ನನ್ನ ತಲೆಗೆ ಅಂಟಿಸಿದಳು.

ಅಂದಿನಿಂದ ದಿನಾ ಸಂಜೆ ಅಡುಗೆಮನೆಯ ಮೇಜಿನಲ್ಲಿ ಅಭ್ಯಾಸ. ಆಸ್ಪತ್ರೆಯವರು ಇಂಗ್ಲಿಷ್ ಪದಗಳ ಪಟ್ಟಿ ಕೊಟ್ಟಿದ್ದಾರೆ. ಅವಳು ಒಂದು ದಪ್ಪ ಕಾಗದವನ್ನು ಬಾಯಿಗೆ ಅಡ್ಡ ಹಿಡಿದು ಓದಬೇಕು, ನಾನು ತುಟಿ ನೋಡುವಂತಿಲ್ಲ. ಕೇಳಿಸಿದ್ದನ್ನು, ತಪ್ಪೋ ಸರಿಯೋ, ಹಾಗೇ ಗಟ್ಟಿಯಾಗಿ ತಿರುಗಿ ಹೇಳಬೇಕು. ಊಹಿಸಿ ತಲೆಯಾಡಿಸುವುದಕ್ಕೆ ಬಿಲ್ಕುಲ್ ಬಿಡುವುದಿಲ್ಲ ಅವಳು. ಜೂನ್ ಪೂರ್ತಿ ಹತ್ತಕ್ಕೆ ಎರಡು, ಹತ್ತಕ್ಕೆ ಮೂರು. ಒಂದು ದಿನ "ಸ್ಪೂನ್" ಎಂದರೆ "ಮೂನ್" ಎಂದೆ. "ಹತ್ತಿರ ಬಂದೆ" ಎಂದು ಬೆನ್ನು ತಟ್ಟಿದಳು, ಮಗುವಿಗೆ ತಟ್ಟುವ ಹಾಗೆ. ಮೊಳೆಯ ಡಬ್ಬದೊಳಗಿನಿಂದ ನಿಧಾನ ಮಾತು ಬಿಡಿಸಿಕೊಂಡು ಬರುತ್ತಿತ್ತು. ದನಿ ಮಾತ್ರ ಅದೇ, ನಿನ್ನ ಜರ್ಮನಿಯವರದ್ದು.

ನಿನ್ನೆ ಸಂಜೆ ಹತ್ತಕ್ಕೆ ಆರು ಬಂತು. ಇನ್ನೊಂದು ಸುತ್ತು ಎಂದು ಕಾಗದ ಮೇಲೆತ್ತಿದಳು. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಯಂತ್ರದ ಬ್ಯಾಟರಿ ಹೋಯಿತೇನೋ ಎಂದುಕೊಂಡೆ. ಆಮೇಲೆ ಆ ಕಾಗದದ ಹಿಂದಿನಿಂದ, ಪಟ್ಟಿಯಲ್ಲಿ ಇಲ್ಲದ್ದು, ಕನ್ನಡದಲ್ಲಿ ಬಂತು.

"ಅಮ್ಮಾ, ನಂಗೂ ಹೀಗೆ ಆಗುತ್ತಾ?"

ಒಂದೊಂದು ಅಕ್ಷರವೂ ಕೇಳಿಸಿತು. ಐದಾರು ವರ್ಷದಲ್ಲಿ ತುಟಿ ನೋಡದೆ ನನಗೆ ತಿಳಿದ ಮೊದಲ ಪೂರ್ತಿ ಮಾತು ಅದು. ಆಸ್ಪತ್ರೆಯ ಫಾರಂ ನೋಡಿದ್ದಳೋ, ಹುಬ್ಬಳ್ಳಿಯ ಯಾರನ್ನಾದರೂ ಕೇಳಿದ್ದಳೋ, ನನಗೆ ಗೊತ್ತಿಲ್ಲ. ಎಷ್ಟು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಪದ ಓದಿ ಹೇಳುತ್ತಿದ್ದಳೋ. ಕೇಳಿಸಲಿಲ್ಲ ಎಂದಿದ್ದರೆ ನಂಬುತ್ತಿದ್ದಳು ಹಫ್ಸಾ. ಹತ್ತಕ್ಕೆ ನಾಲ್ಕು ತಪ್ಪುವವಳು ನಾನು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ನಂಗೂ ಹೀಗೆ ಆಗುತ್ತಾ" ಎಂದೆ, ನಿಯಮದ ಪ್ರಕಾರ.

"ಕರೆಕ್ಟ್" ಎಂದಳು, ಬೇರೆ ಪದಗಳಿಗೆ ಹೇಳುವ ಹಾಗೆಯೇ.

"ಆಗಬಹುದು ಪುಟ್ಟಾ" ಎಂದೆ.

ಅವಳು ಕಾಗದ ಇಳಿಸಲಿಲ್ಲ. ಅದರ ಹಿಂದೆ ಅವಳು ಅಳುವುದು ನನಗೆ ಕೇಳಿಸುತ್ತಿತ್ತು.

ನಿನ್ನ,
ವಿಜಿ